ಹುಳುಕು ಹೇಳುವ ಸೊಗಸು

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ‘ಪಿಎಸ್’ ಎಂಬ ಕಮಾಂಡ್ ಇದೆ. ಯಂತ್ರದೊಳಗೆ ಈಗ ಯಾವ್ಯಾವ ಪ್ರೋಗ್ರಾಮುಗಳು ಓಡುತ್ತಿವೆ ಎಂದು ಪಟ್ಟಿ ಮಾಡಿ ತೋರಿಸುವುದು ಅದರ ಕೆಲಸ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಕೈಪಿಡಿ ಅದರ ಬಳಕೆಯನ್ನೆಲ್ಲ ವಿವರಿಸಿ ಮುಗಿಸಿದ ಮೇಲೆ ತಳದಲ್ಲಿ ಒಂದು ಮಾತು ಸೇರಿಸುತ್ತದೆ: ಪಟ್ಟಿ ತಯಾರಾಗುತ್ತಿರುವಾಗಲೇ ಒಳಗಿನ ಸ್ಥಿತಿ ಬದಲಾಗಬಹುದು, ಹಾಗಾಗಿ ಇಲ್ಲಿ ಕಾಣುವುದು ವಾಸ್ತವಕ್ಕೆ ಹತ್ತಿರದ ಚಿತ್ರ ಮಾತ್ರ. ಬರೆದವರು ತತ್ತ್ವ ಹೇಳಲು ಹೊರಟವರಲ್ಲ. ಪ್ರೋಗ್ರಾಮಿನ ಕೊರತೆಯೊಂದನ್ನು ದಾಖಲಿಸುತ್ತಿದ್ದರು, ಅಷ್ಟೆ. ಆದರೆ ಜನಗಣತಿಯಿಂದ ಹಿಡಿದು ಚರಿತ್ರೆಯವರೆಗೆ, ಓಡುತ್ತಿರುವುದನ್ನು ಹಿಡಿದಿಡಲು ಹೊರಟ ಯಾವ ಬರಹದ ಕೊನೆಗಾದರೂ ಈ ಮಾತನ್ನು ಅಂಟಿಸಬಹುದು.

ಈ ಮಾತು ಕುಳಿತಿರುವ ಜಾಗಕ್ಕೆ ‘ಬಗ್ಸ್’, ಅಂದರೆ ಹುಳುಕುಗಳು, ಎಂದು ಹೆಸರು. ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಕೈಪಿಡಿ ಹೊರತಂದದ್ದು 1971ರ ನವೆಂಬರ್ 3ರಂದು. ಪ್ರತಿ ಪುಟಕ್ಕೂ ಒಂದೇ ಅಚ್ಚು: ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಕಡತಗಳು, ಆಮೇಲೆ ಬಗ್ಸ್. ಆ ಪ್ರೋಗ್ರಾಮನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೂ ಒಂದು ಸಾಲು. ಹುಳುಕು ಪತ್ತೆಯಾಗುವ ಮೊದಲೇ ಅದಕ್ಕೊಂದು ಜಾಗ ತೆಗೆದಿಟ್ಟದ್ದರಲ್ಲಿ ಆ ಅಚ್ಚಿನ ಹೆಚ್ಚುಗಾರಿಕೆಯಿದೆ. ಪಂಚಾಂಗದಲ್ಲಿ ರಾಹುಕಾಲಕ್ಕೊಂದು ಕಾಲಂ ಇದ್ದರೆ ಅದನ್ನು ಪಂಚಾಂಗಕರ್ತರ ಅವಮಾನವೆಂದು ಯಾರೂ ತಿಳಿಯುವುದಿಲ್ಲ, ಇಲ್ಲಿಯೂ ಹಾಗೆಯೇ. ಜಾಗವಿದ್ದ ಮೇಲೆ ತಪ್ಪೊಪ್ಪಿಗೆಗೆ ಎದೆಗಾರಿಕೆಯೂ ಬೇಡ, ನಾಟಕವೂ ಬೇಡ. ನಾಟಕ ಕಳಚಿಬಿದ್ದ ಕೂಡಲೇ ಗದ್ಯಕ್ಕೆ ತಾನಾಗಿ ಒಂದು ಬಿಗಿ ಬರುತ್ತದೆ.

ಆ ಬಿಗಿಯ ಮಾದರಿಗಳು ಅದೇ ಏಳನೇ ಆವೃತ್ತಿಯಲ್ಲಿ ಬೇಕಾದಷ್ಟಿವೆ. ಕಡತ ಹುಡುಕುವ ‘ಫೈಂಡ್’ ಕಮಾಂಡಿನ ಪುಟದಲ್ಲಿ ಇಂಗ್ಲಿಷಿನ ನಾಲ್ಕೇ ಪದ: ಇದನ್ನು ಬರೆಯುವ ಕ್ರಮ ಯಾತನೆಯದು. ಸಮರ್ಥನೆಯಿಲ್ಲ, ಸರಿಪಡಿಸುತ್ತೇವೆಂಬ ಆಶ್ವಾಸನೆಯಿಲ್ಲ. ಇಂದಿಗೂ ಫೈಂಡ್ ಜೊತೆ ಗುದ್ದಾಡುವವರಿಗೆ ಆ ಮಾತು ಹಳತೆನಿಸುವುದಿಲ್ಲ. ಕಾಗುಣಿತದ ತಪ್ಪು ಹುಡುಕುವ ‘ಸ್ಪೆಲ್’ ಪುಟದ್ದು ಇನ್ನೂ ನಯವಾದ ಕೆಲಸ. ಬ್ರಿಟಿಷ್ ಕಾಗುಣಿತದ ಭಾಗ ಮಾಡಿದವರು ಒಬ್ಬ ಅಮೆರಿಕನ್ ಎಂದಷ್ಟೇ ಹೇಳಿ ಅದು ಸುಮ್ಮನಾಗುತ್ತದೆ. ಅಲ್ಲಿ ತಪ್ಪುಗಳಿವೆ ಎಂದು ಎಲ್ಲೂ ಹೇಳಿಲ್ಲ. ಮಾಡಿದವರ ದೇಶ ಹೇಳಿದರೆ ಸಾಕು, ಉಳಿದದ್ದು ಓದುಗರಿಗೆ ಬಿಟ್ಟದ್ದು. ಧ್ವನಿಗೆ ಉದಾಹರಣೆ ಬೇಕೆಂದವರು ತಾಂತ್ರಿಕ ಕೈಪಿಡಿಯಲ್ಲೂ ಹುಡುಕಬಹುದು.

ಯುನಿಕ್ಸ್ ಮಾದರಿಯಲ್ಲೇ ಬೆಳೆದ ಲಿನಕ್ಸ್‌ನ ಕೈಪಿಡಿ ಈ ಮನೆತನವನ್ನು ಮುಂದುವರಿಸಿತು. ಸಮಯ ಕೇಳುವ ‘ಟೈಮ್’ ಕರೆಯ ಪುಟ ನೋಡಿ. ಯುನಿಕ್ಸ್‌ನ ಕಾಲ 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿಕೊಂಡು ಬಂದದ್ದು. ಕರೆ ವಿಫಲವಾಗಿದೆ ಎಂಬ ಉತ್ತರಕ್ಕೂ, ಆ ಆರಂಭಕ್ಕೆ ಇನ್ನು ಕೆಲವೇ ಸೆಕೆಂಡು ಬಾಕಿಯಿದೆ ಎಂಬ ಉತ್ತರಕ್ಕೂ ವ್ಯತ್ಯಾಸ ಹೇಳಲಾಗದು ಎಂದು ಕೈಪಿಡಿ ಗಂಭೀರವಾಗಿ ತಿಳಿಸುತ್ತದೆ. ಮುಖದಲ್ಲಿ ನಗೆಯ ಸುಳಿವಿಲ್ಲದೆ ಹೇಳಿದ್ದರಿಂದಲೇ ನಗು ಬರುತ್ತದೆ.

ಎಲ್ಲ ಹುಳುಕೂ ಇಷ್ಟು ಸಾಧುವಲ್ಲ. ‘ಗೆಟ್ಸ್’ ಎಂಬುದು ಸಿ ಭಾಷೆಯ ಒಂದು ಫಂಕ್ಷನ್. ಬಂದ ಸಾಲನ್ನು ಓದಿ ಕೊಟ್ಟ ಜಾಗದಲ್ಲಿ ಇಡುತ್ತದೆ. ಜಾಗ ಎಷ್ಟಿದೆ ಎಂದು ಕೇಳುವುದೇ ಇಲ್ಲ. ಸಾಲು ಉದ್ದವಾದರೆ ಪಕ್ಕದ ಮೆಮೊರಿಯ ಮೇಲೂ ಬರೆದುಬಿಡುತ್ತದೆ. 1988ರ ನವೆಂಬರ್ 2ರಂದು ಅಂತರಜಾಲಕ್ಕೆ ನುಗ್ಗಿದ ಮಾರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. ಲಿನಕ್ಸ್ ಕೈಪಿಡಿಯಲ್ಲಿ ಗೆಟ್ಸ್‌ಗೆ ಒಂದಿಡೀ ಪುಟವಿದೆ; ಎಂದೂ ಬಳಸಬೇಡಿ ಎಂಬುದೇ ಅದರ ಸಾರ. ಸಿ ಭಾಷೆಯ ಮಾನಕದಿಂದ ಗೆಟ್ಸ್ ಹೊರಬಿದ್ದದ್ದು 2011ರಲ್ಲಿ. ಅಲ್ಲಿಯವರೆಗೆ ಬಾಗಿಲಲ್ಲಿ ಕಾವಲು ನಿಂತದ್ದು ಎಚ್ಚರಿಕೆಯ ಆ ಮಾತು.

‘ವಿಫೋರ್ಕ್’ ಕತೆ ಬೇರೆ. ಹೊಸ ಪ್ರೊಸೆಸ್ ಹುಟ್ಟಿಸುವಾಗ ಮೆಮೊರಿಯನ್ನೆಲ್ಲ ನಕಲು ಮಾಡುವ ಖರ್ಚು ಉಳಿಸಲು 1979ರ ಹೊತ್ತಿಗೆ ಬರ್ಕ್ಲಿಯಲ್ಲಿ ಮಾಡಿಕೊಂಡ ಉಪಾಯ ಅದು. ಮೆಮೊರಿ ಹಂಚಿಕೊಳ್ಳುವ ಸರಿಯಾದ ವ್ಯವಸ್ಥೆ ಬಂದ ಮೇಲೆ ಇದನ್ನು ತೆಗೆದುಹಾಕಲಾಗುವುದು, ನೆಚ್ಚಿಕೊಳ್ಳಬೇಡಿ ಎಂದು ಅಲ್ಲಿನ ಯುನಿಕ್ಸ್ ಆದ ಬಿಎಸ್‌ಡಿಯ ಕೈಪಿಡಿ ಬರೆದಿತ್ತು. ಅದು ಇಂದಿಗೂ ಲಿನಕ್ಸ್‌ನಲ್ಲಿದೆ. ತಾತ್ಕಾಲಿಕವೆಂದು ಕಟ್ಟಿದ್ದು ಎಷ್ಟು ಗಟ್ಟಿ ಬಾಳುತ್ತದೆ ಎಂಬುದಕ್ಕೆ ಆ ಪುಟವೇ ಸಾಕ್ಷಿ.

ಹುಳುಕು ಹೇಳುವುದಕ್ಕಿಂತ ಕಷ್ಟದ್ದು, ಇದನ್ನು ನೋಡಿಕೊಳ್ಳುವವರೇ ಇಲ್ಲ ಎಂದು ಹೇಳುವುದು. ಅದಕ್ಕಾಗಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೂಲಕೋಡ್ ಜೊತೆಗೇ ‘ಮೇಂಟೇನರ್ಸ್’ ಎಂಬ ಕಡತ ಬರುತ್ತದೆ. ಪ್ರತಿ ಭಾಗಕ್ಕೂ ಅದರಲ್ಲೊಂದು ದರ್ಜೆ. ಸಂಬಳ ಕೊಟ್ಟು ನೋಡಿಸಿಕೊಳ್ಳುತ್ತಿರುವುದು ಒಂದು. ಸಂಬಳದ ಮಾತಿಲ್ಲದೆ ಯಾರೋ ನೋಡಿಕೊಳ್ಳುತ್ತಿರುವುದು ಇನ್ನೊಂದು. ಹೊಣೆಗಾರರಿದ್ದರೂ ಆಗೀಗ ಒಂದು ತೇಪೆ ಹಾಕುವುದಕ್ಕಿಂತ ಹೆಚ್ಚಿನ ಪುರಸೊತ್ತಿಲ್ಲದ್ದು ಮತ್ತೊಂದು. ಆಮೇಲೆ ಅನಾಥ, ಅದರ ವಿವರಣೆಯಲ್ಲೇ ನೀವು ಯಾಕೆ ವಹಿಸಿಕೊಳ್ಳಬಾರದು ಎಂಬ ಸಣ್ಣ ಆಹ್ವಾನವಿದೆ. ಕಡೆಯದು, ಕಾಲ ಮುಗಿದದ್ದು. ಇದ್ದೂ ಇಲ್ಲದ ಸ್ಥಿತಿಗೂ ಹೆಸರಿಟ್ಟು ದಾಖಲಿಸುವ ಈ ಸೂಕ್ಷ್ಮ ಬೇರೆ ಕಚೇರಿ ಕಾಗದಗಳಲ್ಲಿ ಸಿಗುವುದು ಅಪರೂಪ.

2019ರ ಜುಲೈನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಫ್ಲಾಪಿ ಡ್ರೈವರ್ ಅನ್ನು ಅನಾಥರ ಸಾಲಿಗೆ ಸೇರಿಸಿದರು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿಯೇ ಕೆಲಸ ಮಾಡುವ ಫ್ಲಾಪಿ ಯಂತ್ರ ಇರಲಿಲ್ಲ. ಆದರೆ ವರ್ಚುವಲ್ ಯಂತ್ರಗಳು ಇನ್ನೂ ಫ್ಲಾಪಿಯ ವೇಷ ಹಾಕುತ್ತಿದ್ದುದರಿಂದ ಕೋಡ್ ಕಿತ್ತೆಸೆಯುವಂತೆಯೂ ಇರಲಿಲ್ಲ. ಆಮೇಲೆ ಒಬ್ಬರು ಕೈಹಿಡಿದರು. ಈಗ ಅದರ ದರ್ಜೆ ಆಗೀಗ ತೇಪೆ. ಇಂಟೆಲ್‌ನ ಇಟಾನಿಯಂ ಚಿಪ್‌ನ ಕೋಡ್‌ಗೆ ಆ ಭಾಗ್ಯವಿರಲಿಲ್ಲ. 2021ರಲ್ಲಿ ಅನಾಥವಾಯಿತು, ಯಾರೂ ಬರಲಿಲ್ಲ. 2024ರ ಜನವರಿಯಲ್ಲಿ ಬಂದ 6.7ನೇ ಕರ್ನಲ್‌ನಲ್ಲಿ ಅದು ಇಲ್ಲ. ಒಂದು ಭಾಗ ಸದ್ದಿಲ್ಲದೆ ಮಾಯವಾಗುವುದಕ್ಕೂ, ಎಲ್ಲರಿಗೂ ಕಾಣುವಂತೆ ಬರೆದಿಟ್ಟು ಕಾದು ಆಮೇಲೆ ತೆಗೆಯುವುದಕ್ಕೂ ಇರುವ ಅಂತರ ದೊಡ್ಡದು. ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ ಎಂದು ಲಿನಕ್ಸ್ ವಿತರಣೆಯೊಂದನ್ನು ಕಟ್ಟುವ ಡೆಬಿಯನ್ ಬಳಗ 1997ರಲ್ಲಿ ತನ್ನ ಸಾಮಾಜಿಕ ಕರಾರಿನಲ್ಲೇ ಬರೆದುಕೊಂಡಿತು. ಅಲ್ಲಿ ಅದು ಶಿಷ್ಟಾಚಾರವಲ್ಲ, ಬಳಸುವವರಿಗೆ ಕೊಟ್ಟ ಮಾತು.

ಈ ಪ್ರಕಾರದ ರುಚಿ ನೋಡಬೇಕೆನ್ನುವವರು ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಕಮಾಂಡುಗಳನ್ನು ಓದಿ ನಡೆಸುವ ಬ್ಯಾಷ್ ಶೆಲ್‌ನ ಮ್ಯಾನ್ ಪುಟ, ಅಂದರೆ ಕೈಪಿಡಿ ಪುಟ, ತೆರೆದು ದೊಡ್ಡಕ್ಷರದ ‘ಜಿ’ ಒತ್ತಲಿ. ಸಾವಿರಾರು ಸಾಲು ಹಾರಿ ನೇರ ಬಗ್ಸ್ ಭಾಗಕ್ಕೆ ಹೋಗಿ ಇಳಿಯುತ್ತಾರೆ. ಬ್ಯಾಷ್ ತೀರ ದೊಡ್ಡದು, ತೀರ ನಿಧಾನ ಎಂದು ಅದನ್ನು ಕಟ್ಟಿದವರೇ ಮೊದಲ ಸಾಲಿನಲ್ಲಿ ಬರೆದಿದ್ದಾರೆ. ವಿಮರ್ಶಕರು ಇದಕ್ಕೆ ಸೇರಿಸುವಂಥದ್ದೇನೂ ಉಳಿದಿಲ್ಲ.