ವೇಬರ್ ಒಪೆರಾ ಕೇಳುವ ಬಗೆ

ಒಪೆರಾ ಕೇಳಬೇಕೆಂಬ ಆಸೆಯಿದ್ದೂ ಭಾಷೆ ಬಾರದೆಂದು ಹಿಂಜರಿಯುವವರು ಕಾರ್ಲ್ ಮರಿಯಾ ಫಾನ್ ವೇಬರ್ ಅವರ ‘ಡೆರ್ ಫ್ರೈಶ್ಯೂಟ್ಸ್’ನಿಂದ ಶುರುಮಾಡಬೇಕು. ಇದರ ಅರ್ಧ ಕಥೆಯನ್ನು ಹೇಳುವುದೇ ವಾದ್ಯಗಳು. ಮೊದಲು ಅವನ್ನು ಗುರುತಿಸಿ, ಮಾತು ಆಮೇಲೆ.

ಕಥೆ ಇಷ್ಟು: ಬೊಹೀಮಿಯಾದ ಕಾಡಿನ ಬೇಟೆಗಾರ ಮಾಕ್ಸ್, ಗುರಿಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಅಗಾಥೆಯ ಕೈಹಿಡಿಯಬಲ್ಲ. ಆದರೆ ಈಚೆಗೆ ಅವನ ಗುರಿ ತಪ್ಪುತ್ತಿದೆ. ಕಾಸ್ಪರ್ ಎಂಬ ಜೊತೆಗಾರ ಮಾಟದ ಗುಂಡುಗಳ ಆಸೆ ಹುಟ್ಟಿಸುತ್ತಾನೆ. ಏಳರಲ್ಲಿ ಆರು ಗುಂಡು ಬಯಸಿದಲ್ಲಿಗೆ ತಗಲುತ್ತವೆ. ಏಳನೆಯದು ಸಾಮಿಯೆಲ್ ಎಂಬ ಪಿಶಾಚಿಯ ಪಾಲು.

ಮೊದಲ ಪಾಠ, ಓವರ್ಚರ್, ಅಂದರೆ ಪರದೆ ಏಳುವ ಮುನ್ನ ನುಡಿಸುವ ವಾದ್ಯಸಂಗೀತ. ಅದೊಂದನ್ನೇ ಎರಡು ಮೂರು ಸಲ ಕೇಳಿ. ಆರಂಭದಲ್ಲೇ ನಾಲ್ಕು ಹಾರ್ನ್‌ಗಳು ಸೇರಿ ನಿಧಾನವಾಗಿ ನುಡಿಸುತ್ತವೆ. ಅದು ಬೇಟೆಗಾರರ ವಾದ್ಯ. ಅಲ್ಲಿಗೆ ಕಾಡು ಬಂತು. ಸ್ವಲ್ಪದರಲ್ಲೇ ತಂತಿವಾದ್ಯಗಳು ನಡುಗತೊಡಗುತ್ತವೆ, ಕ್ಲಾರಿನೆಟ್ ತನ್ನ ತಗ್ಗಿನ ಸ್ಥಾಯಿಗೆ ಇಳಿಯುತ್ತದೆ, ಕೆಳಗಿನಿಂದ ಟಿಂಪನಿಯ ಪೆಟ್ಟು ಮೆಲ್ಲನೆ ಕೇಳುತ್ತದೆ. ಇದು ಸಾಮಿಯೆಲ್‌ನ ಗುರುತು. ಅವನು ಇಡೀ ಒಪೆರಾದಲ್ಲಿ ಒಮ್ಮೆಯೂ ಹಾಡುವುದಿಲ್ಲ, ಮಾತಾಡುತ್ತಾನಷ್ಟೆ. ಅವನಿಗೆ ಹಾಡಿಲ್ಲದ ಕಾರಣ ಭಯವೆಲ್ಲ ಈ ವಾದ್ಯಗಳ ಮೇಲೆ ಬಿದ್ದಿದೆ.

ಎರಡನೆಯದು, ಎರಡನೇ ಅಂಕದಲ್ಲಿ ಅಗಾಥೆಯ ಏಕಾಂತಗೀತೆ. ರಾತ್ರಿ ಮಾಕ್ಸ್‌ನ ದಾರಿ ಕಾಯುತ್ತಾ ಅವಳು ಪ್ರಾರ್ಥಿಸುತ್ತಾಳೆ. ಅವನು ಬರುವುದು ಕಂಡೊಡನೆ ಹಾಡು ಹಿಗ್ಗಿ ಓಡುತ್ತದೆ. ಈ ಧಾಟಿಯನ್ನು ನೀವು ಆಗಲೇ ಓವರ್ಚರ್‌ನಲ್ಲಿ ಕೇಳಿದ್ದೀರಿ. ಅದರ ಕೊನೆಯ ಗೆಲುವು ಇವಳದೇ.

ಮೂರನೆಯದು, ತೋಳಕಣಿವೆಯ ದೃಶ್ಯ. ಇಲ್ಲಿ ಇಂಪು ಹುಡುಕಬೇಡಿ. ಕಾಣದ ಭೂತಗಳು ಒಂದೇ ಸ್ವರ ಹಿಡಿದು ಜಪಿಸುತ್ತವೆ. ಕಾಸ್ಪರ್ ಗುಂಡು ಎರಕ ಹೊಯ್ಯುತ್ತಾ ಒಂದು, ಎರಡು ಎಂದು ಎಣಿಸಿದರೆ ಕಣಿವೆ ಅದನ್ನೇ ಮಾರ್ದನಿಸುತ್ತದೆ. ಪ್ರತಿ ಗುಂಡಿಗೂ ಆರ್ಕೆಸ್ಟ್ರಾದ ಬಿರುಗಾಳಿ ಏರುತ್ತದೆ.

ಈ ರಂಗಪ್ರಜ್ಞೆ ವೇಬರ್‌ಗೆ ಮನೆಯಿಂದ ಬಂದದ್ದು. 1786ರಲ್ಲಿ ಓಯ್ಟಿನ್‌ನಲ್ಲಿ ಹುಟ್ಟಿದ ಅವರು ತಂದೆಯ ನಾಟಕ ಕಂಪನಿಯೊಂದಿಗೆ ಊರೂರು ಸುತ್ತಿ ಬೆಳೆದರು. ಹದಿನೇಳಕ್ಕೇ ಬ್ರೆಸ್ಲಾವ್ ರಂಗಮಂದಿರದ ಸಂಗೀತ ನಿರ್ವಹಿಸಿದರು. ಮುಂದೆ ಪ್ರಾಗ್, ಡ್ರೆಸ್ಡೆನ್. 1821ರ ಜೂನ್ 18ರಂದು ಬರ್ಲಿನ್‌ನಲ್ಲಿ ‘ಫ್ರೈಶ್ಯೂಟ್ಸ್’ ಗೆದ್ದಿತು. ಕ್ಷಯ ಹಿಡಿದಿದ್ದರೂ ತಮ್ಮ ಒಪೆರಾ ‘ಓಬೆರಾನ್’ ಆಡಿಸಲು ಲಂಡನ್‌ಗೆ ಹೋದವರು 1826ರ ಜೂನ್ 5ರಂದು ಅಲ್ಲೇ ತೀರಿಕೊಂಡರು. ಆಗ ವಯಸ್ಸು ಮೂವತ್ತೊಂಬತ್ತು.

1844ರಲ್ಲಿ ಅವರ ಅವಶೇಷಗಳನ್ನು ಡ್ರೆಸ್ಡೆನ್‌ಗೆ ತರಿಸಲು ಮುಂದೆ ನಿಂತವರು ಒಪೆರಾ ಸಂಯೋಜಕ ರಿಚರ್ಡ್ ವಾಗ್ನರ್. ಹಾಗಾಗಿ ಮುಂದಿನ ಹೆಜ್ಜೆಯೂ ಅತ್ತಲೇ ಇರಲಿ: ವಾಗ್ನರ್ ಅವರ ‘ಫ್ಲೈಯಿಂಗ್ ಡಚ್‌ಮನ್’ ಓವರ್ಚರ್ ಕೇಳಿ. ಕಡಲನ್ನೂ ಶಾಪವನ್ನೂ ವಾದ್ಯಗಳಿಂದಲೇ ಕಟ್ಟುವುದನ್ನು ಆತ ಯಾರಿಂದ ಕಲಿತರೆಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ.