ಒಂದು ಊರು, ಹಲವು ಹೆಸರು

ಸ್ಥಳನಾಮಗಳ ಮೂಲವನ್ನು ಅರಸುವವರು ಹಲವು ಭಾಷೆಗಳ ಹೆಸರುಗಳನ್ನೆಲ್ಲ ಒಂದೇ ಬೇರಿಗೆ ತಂದು ಕಟ್ಟಲು ತವಕಿಸುವುದುಂಟು. ಈ ಪದ್ಧತಿ ಸಾಧುವಲ್ಲವೆಂಬುದಕ್ಕೆ ಮಂಗಳೂರೇ ನಿದರ್ಶನ.

ಕನ್ನಡದ ‘ಮಂಗಳೂರು’ ಎಂಬ ಹೆಸರನ್ನು ಜನರು ಮಂಗಳಾದೇವಿಯ ಗುಡಿಯೊಡನೆ ಹೊಂದಿಸಿ ಹೇಳುತ್ತಾರೆ. ಮಲೆಯಾಳದ ‘ಮಂಗಲಾಪುರಂ’ ಎಂಬುದರಲ್ಲಿ ಮೊದಲ ಪದ ಉಳಿದು, ‘ಊರು’ ಮಾತ್ರ ‘ಪುರ’ವಾಗಿದೆ, ಇದು ಅರೆ ಅನುವಾದ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನ ‘ಮಂಜರೂರ್’ ಅನುವಾದವಲ್ಲ. ಗಕಾರವಿಲ್ಲದ ಅರಬ್ಬಿಯು ಅದೇ ಹೆಸರನ್ನು ತನ್ನ ಧ್ವನಿಗಳಿಗೆ ಒಗ್ಗಿಸಿಕೊಂಡ ರೂಪ. ತುಳುವಿನ ‘ಕುಡ್ಲ’ವಾದರೋ ಬೇರೆಯೇ ಹೆಸರು. ಅದನ್ನು ‘ಕೂಡು’ ಧಾತುವಿಗೆ ಸೇರಿಸಿ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ಸಂಗಮವನ್ನು ಅದರ ಅರ್ಥವಾಗಿ ಹೇಳುವುದು ರೂಢಿ. ಕೊಂಕಣಿಯ ‘ಕೊಡಿಯಾಳ’, ಬ್ಯಾರಿಯ ‘ಮೈಕಾಲ’ಗಳೂ ರೂಪದಲ್ಲಿ ‘ಮಂಗಳ’ ಶಬ್ದಕ್ಕೆ ದೂರವೇ.

2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ‘ಮಂಗಳೂರು’ ಎಂಬ ರೂಪವೇ ಅಧಿಕೃತವಾಯಿತು. ಇದರಿಂದ ನಿರ್ಣಯವಾದುದು ಬರಹದ ರೂಪವೇ ಹೊರತು ಉಳಿದ ಹೆಸರುಗಳ ಸತ್ಯಾಸತ್ಯತೆಯಲ್ಲ. ಧ್ವನಿಯ ಮಾರ್ಪಾಡು, ಅನುವಾದ, ಸ್ವತಂತ್ರ ನಾಮಕರಣ—ಈ ಮೂರನ್ನು ವಿಂಗಡಿಸದೆ ‘ನಿಜವಾದ ಹೆಸರು ಯಾವುದು?’ ಎಂದು ಕೇಳುವುದು, ಒಂದು ಭಾಷೆಯ ಜನರ ನೆನಪನ್ನು ಮತ್ತೊಂದರ ಅಪಭ್ರಂಶವೆಂದು ತಳ್ಳಿಹಾಕಿದಂತಾಗುತ್ತದೆ.