ಫಲಕಕ್ಕೆ ಅಳತೆ ಇದೆ, ಪಾಠಕ್ಕೆ ಇಲ್ಲ

ನವೆಂಬರ್ ತಿಂಗಳು ಬಂತೆಂದರೆ ಕನ್ನಡದ ಅಳಿವು ಉಳಿವಿನ ಕುರಿತು ಭಾಷಣಗಳು ಆರಂಭವಾಗುತ್ತವೆ. ಡಿಸೆಂಬರ್ ಹೊತ್ತಿಗೆ ಬಾವುಟ ಮಡಚಿಟ್ಟು ಎಲ್ಲರೂ ತಂತಮ್ಮ ಕೆಲಸಕ್ಕೆ ಮರಳುತ್ತಾರೆ. ಆದರೆ ಇಷ್ಟು ಹೇಳಿ ನಕ್ಕು ಸುಮ್ಮನಾದರೆ ವಿಷಯಕ್ಕೆ ನ್ಯಾಯ ಸಲ್ಲುವುದಿಲ್ಲ. ಏಕೆಂದರೆ ಈ ನಾಡಿನಲ್ಲಿ ಭಾಷೆಗಾಗಿ ಕಾನೂನುಗಳ ಕೊರತೆಯೇನೂ ಇಲ್ಲ. 1963ರಲ್ಲಿ ರಾಜಭಾಷಾ ಕಾಯಿದೆ ಬಂತು. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯು ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿತು. 2023ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯನ್ನು ವಿಧಾನ ಮಂಡಲ ಅಂಗೀಕರಿಸಿತು. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ಗೊತ್ತುಪಡಿಸಲಾಯಿತು.

ಇಷ್ಟೆಲ್ಲ ಕಾನೂನುಗಳು ಯಾರನ್ನು ಏನು ಕೇಳುತ್ತವೆ? ಯಾರನ್ನು ಏನೂ ಕೇಳದೆ ಬಿಟ್ಟಿವೆ? ಈ ಪ್ರಶ್ನೆಯನ್ನು ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಕೇಳುವುದಕ್ಕಿಂತ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ನಿಂತು ಕೇಳುವುದು ಹೆಚ್ಚು ಉಪಯುಕ್ತ ಎಂದು ನಮಗನಿಸುತ್ತದೆ.

ನಾಲ್ಕು ಊರು, ಎರಡು ಮಾತು

ಹೆಸರು ಬದಲಾವಣೆ ಈ ಸೀಮೆಗೆ ಹೊಸದಲ್ಲ. ಟಿಪ್ಪುವಿನ ಕಾಲದ ಶಂಸೇರಾಬಾದ್ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು. 2007ರಲ್ಲಿ ಈ ನಾಲ್ಕು ತಾಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಹಳೆಯ ಮೈಸೂರಿನ ಅನೇಕ ಪ್ರಮುಖರು ಏಕೀಕರಣಕ್ಕೆ ಹಿಂಜರಿದಿದ್ದ ಕಾಲದಲ್ಲಿ ಅದರ ಪರ ನಿಂತ ಕೆಂಗಲ್ ಹನುಮಂತಯ್ಯ ಈ ಮಣ್ಣಿನವರು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದೂ ಇಲ್ಲಿಯೇ. ಆದ್ದರಿಂದ ಕನ್ನಡದ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇದೇ ಸೀಮೆಯ ಮೊಹಲ್ಲಾಗಳಲ್ಲಿ ದಖನಿ ಉರ್ದು ಮನೆಮಾತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತನ ಮಾತು ಕನ್ನಡ. ಅದನ್ನು ಕೊಳ್ಳುವ ರೀಲರುಗಳಲ್ಲಿ ದೊಡ್ಡ ಸಂಖ್ಯೆಯವರು ಮನೆಯಲ್ಲಿ ದಖನಿ ಆಡುವವರು. ಹರಾಜು ಕೂಗುವ ಕಾಲದಿಂದ ಇ-ಹರಾಜಿನ ಈ ಕಾಲದವರೆಗೆ ಅವರ ನಡುವೆ ಭಾಷೆಯ ತಕರಾರು ಎದ್ದದ್ದಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗು ಹಚ್ಚಿ ಬೊಂಬೆ ಮಾಡುವ ಮುಸ್ಲಿಂ ಕುಶಲಕರ್ಮಿಯೂ ಅಷ್ಟೇ, ಎರಡು ಭಾಷೆಗಳಲ್ಲಿ ವ್ಯವಹರಿಸುತ್ತಾನೆ. ಮಾಗಡಿಯ ಸಾವನದುರ್ಗದ ಬುಡದಲ್ಲಿ ವೀರಭದ್ರನ ಗುಡಿಯೂ ದರ್ಗಾವೂ ಅಕ್ಕಪಕ್ಕದಲ್ಲಿವೆ, ಅಲ್ಲಿ ಹರಕೆ ಹೊತ್ತು ಬರುವವರಿಗೆ ದುಭಾಷಿ ಬೇಕಾಗಿಲ್ಲ. ಇದನ್ನೆಲ್ಲ ಯಾವ ಕಾಯಿದೆಯೂ ಕಲಿಸಲಿಲ್ಲ, ಹೊಟ್ಟೆಪಾಡು ಮತ್ತು ನೆರೆಹೊರೆ ಕಲಿಸಿದವು.

ಆದರೆ ಇದನ್ನು ಸೌಹಾರ್ದದ ಚಿತ್ರವೆಂದು ಗೋಡೆಗೆ ತೂಗುಹಾಕಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮಾರುಕಟ್ಟೆಯಲ್ಲಿ ಸಾಕಾಗುವ ಕನ್ನಡ ತಾಲೂಕು ಕಚೇರಿಯಲ್ಲಿ ಸಾಕಾಗುವುದಿಲ್ಲ. ಬಾಯಲ್ಲಿ ಚೆನ್ನಾಗಿ ಕನ್ನಡ ಆಡುವವನು ಖಾತೆ ಬದಲಾವಣೆಯ ಅರ್ಜಿ ಹಿಡಿದಾಗ, ಠಾಣೆಯಲ್ಲಿ ದೂರಿನ ಕೆಳಗೆ ಸಹಿ ಹಾಕುವಾಗ, ನ್ಯಾಯಾಲಯದ ನೋಟಿಸು ಕೈಗೆ ಬಂದಾಗ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಆಡುವ ಕನ್ನಡಕ್ಕೂ ಓದಿ ಬರೆಯುವ ಕನ್ನಡಕ್ಕೂ ನಡುವೆ ಇರುವ ಈ ಅಂತರದಲ್ಲಿ ದಲ್ಲಾಳಿಗಳು ಬದುಕುತ್ತಾರೆ. ಬಡವರು ಸೋಲುತ್ತಾರೆ. ಸರಕಾರದ ಭಾಷಾನೀತಿಯನ್ನು ತೂಗಿ ನೋಡಬೇಕಾದದ್ದು ಈ ಅಂತರವನ್ನು ಅದು ಎಷ್ಟು ಕಡಿಮೆ ಮಾಡಿತು ಎಂಬುದರ ಮೇಲೆ.

ಐರ್ಲೆಂಡಿನ ಅನುಭವ

ಸರಕಾರವೊಂದು ಭಾಷೆಯ ಬೆನ್ನಿಗೆ ಪೂರ್ತಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡ್ ಒಳ್ಳೆಯ ಉದಾಹರಣೆ. ಇಂಗ್ಲಿಷರ ಆಳ್ವಿಕೆ ಮತ್ತು 1840ರ ದಶಕದ ಭೀಕರ ಕ್ಷಾಮದಿಂದ ಐರಿಷ್ ಭಾಷೆ ಬಹಳಷ್ಟು ಕ್ಷೀಣಿಸಿತ್ತು. 1922ರಲ್ಲಿ ಸ್ವತಂತ್ರ ರಾಜ್ಯವಾದೊಡನೆ ಅದನ್ನು ರಾಷ್ಟ್ರಭಾಷೆಯೆಂದು ಸಾರಲಾಯಿತು. 1937ರ ಸಂವಿಧಾನ ಅದಕ್ಕೆ ಪ್ರಥಮ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. ಶಾಲೆಗಳಲ್ಲಿ ಅದು ಕಡ್ಡಾಯವಾಯಿತು. ಶಾಲಾ ಅಂತಿಮ ಪರೀಕ್ಷೆಯಲ್ಲಿ ಐರಿಷ್ ಪಾಸಾಗದಿದ್ದರೆ ಇಡೀ ಪರೀಕ್ಷೆಯೇ ನಪಾಸೆಂಬ ನಿಯಮ 1973ರವರೆಗೂ ಇತ್ತು. ರಸ್ತೆಯ ಫಲಕಗಳು ಐರಿಷ್‌ನಲ್ಲಿವೆ. 1972ರಲ್ಲಿ ಪ್ರತ್ಯೇಕ ರೇಡಿಯೋ, 1996ರಲ್ಲಿ ಪ್ರತ್ಯೇಕ ಟಿ.ವಿ. ವಾಹಿನಿ ಬಂದವು. 2007ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಅಧಿಕೃತ ಭಾಷೆಯಾಗಿ ಸ್ವೀಕರಿಸಿತು.

ಫಲಿತಾಂಶವೇನು? 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷ 74 ಸಾವಿರ ಮಂದಿ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ಅದನ್ನು ದಿನನಿತ್ಯ ಆಡುತ್ತೇವೆ ಎಂದವರು ಸುಮಾರು 72 ಸಾವಿರ ಮಂದಿ ಮಾತ್ರ. ಒಂದು ಶತಮಾನದ ಕಡ್ಡಾಯವು ಭಾಷೆಯನ್ನು ಅಂಕಪಟ್ಟಿಗೆ ತಲುಪಿಸಿತು, ಅಡುಗೆ ಮನೆಗೆ ತಲುಪಿಸಲಿಲ್ಲ. ಆದರೆ ಅದೇ ದೇಶದಲ್ಲಿ 1970ರ ದಶಕದಿಂದೀಚೆಗೆ ತಂದೆ ತಾಯಂದಿರೇ ಮುಂದೆ ನಿಂತು ಕಟ್ಟಿಸಿದ ಐರಿಷ್ ಮಾಧ್ಯಮದ ಶಾಲೆಗಳು ಬೆಳೆದಿವೆ. ಬೇಡಿಕೆ ಜನರದ್ದು, ಸಂಬಳ ಮತ್ತು ಕಟ್ಟಡ ಸರಕಾರದ್ದು. ಅಲ್ಲಿ ನೀತಿ ಫಲ ಕೊಟ್ಟದ್ದು ಇಂಥ ಕಡೆಗಳಲ್ಲಿ.

ಕನ್ನಡದ ಸ್ಥಿತಿ ಐರಿಷ್‌ನಂತಿಲ್ಲ ಎಂಬುದು ನಿಜ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯ್ನುಡಿ ಇದು. 2008ರಲ್ಲಿ ಶಾಸ್ತ್ರೀಯ ಭಾಷೆಯ ಮಾನ್ಯತೆಯೂ ದೊರೆಯಿತು. ಆದರೆ ಐರ್ಲೆಂಡ್ ಮಾಡುವ ಒಂದು ಕೆಲಸವನ್ನು ನಾವು ಮಾಡುತ್ತಿಲ್ಲ. ಭಾಷೆ ಬರುತ್ತದೆಯೇ ಎಂದು ಕೇಳಿದ ಮೇಲೆ, ಅದನ್ನು ದಿನವೂ ಬಳಸುತ್ತೀರಾ ಎಂದೂ ಅವರು ಕೇಳುತ್ತಾರೆ. ಬಂದ ಉತ್ತರ ಎಷ್ಟೇ ಕಹಿಯಾಗಿದ್ದರೂ ಪ್ರಕಟಿಸುತ್ತಾರೆ. ನಾವು ಫಲಕದ ಮೇಲಿನ ಅಕ್ಷರಗಳನ್ನು ಅಳೆಯುತ್ತಿದ್ದೇವೆ.

ಕಾಯಿದೆಯ ಒಳಗೆ

ಸಮಗ್ರ ಅಭಿವೃದ್ಧಿ ಕಾಯಿದೆಯಲ್ಲಿ ಒಳ್ಳೆಯ ಅಂಶಗಳಿವೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಉನ್ನತ ಶಿಕ್ಷಣದಲ್ಲಿ ಮೀಸಲಾತಿ, ಕನ್ನಡ ಬಾರದ ನೌಕರರಿಗೆ ಕಲಿಕೆಯ ಏರ್ಪಾಡು, ಕೆಳ ನ್ಯಾಯಾಲಯಗಳಲ್ಲಿ ಕನ್ನಡ ಇವೆಲ್ಲ ಸ್ವಾಗತಾರ್ಹ. ನಾಮಫಲಕದ ನಿಯಮವನ್ನೂ ನಾವು ವಿರೋಧಿಸುವುದಿಲ್ಲ. ಈ ನೆಲದಲ್ಲಿ ವ್ಯಾಪಾರ ಮಾಡುವವನು ಈ ನೆಲದ ಲಿಪಿಯಲ್ಲಿ ತನ್ನ ಹೆಸರು ಬರೆದರೆ ಕಳೆದುಕೊಳ್ಳುವುದೇನಿದೆ?

ನಮ್ಮ ಆಕ್ಷೇಪ ಇರುವುದು ಬೇರೆ ಕಡೆ. ಕಾಯಿದೆಯು 'ಕನ್ನಡಿಗ' ಎಂಬ ಪದಕ್ಕೆ ವ್ಯಾಖ್ಯೆ ಕೊಡುತ್ತದೆ: ರಾಜ್ಯದಲ್ಲಿ 15 ವರ್ಷಗಳ ವಾಸ, ಕನ್ನಡ ಓದಿ ಬರೆಯುವ ಜ್ಞಾನ, ಹತ್ತನೇ ತರಗತಿಯವರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿತಿರುವುದು. ಹೊರರಾಜ್ಯದಿಂದ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವ್ಯಾಖ್ಯೆ ಇದು. ಆದರೆ ಚನ್ನಪಟ್ಟಣದಲ್ಲೇ ಹುಟ್ಟಿ, ಏಳನೇ ತರಗತಿಗೆ ಶಾಲೆ ಬಿಟ್ಟು, ಬೊಂಬೆಗೆ ಬಣ್ಣ ಹಚ್ಚುತ್ತಾ ಬದುಕು ಸವೆಸುವ ಹೆಣ್ಣುಮಗಳು ಇದರೊಳಗೆ ಎಲ್ಲಿ ನಿಲ್ಲುತ್ತಾಳೆ? ಮಾಗಡಿಯ ಹಳ್ಳಿಯಲ್ಲಿ ಶಾಲೆಯ ಮುಖವನ್ನೇ ನೋಡದ, ಕನ್ನಡವಲ್ಲದೆ ಬೇರೆ ಮಾತೇ ಬಾರದ ಕೂಲಿಯವನು ಎಲ್ಲಿ ನಿಲ್ಲುತ್ತಾನೆ? ಅಕ್ಷರವನ್ನು ಅರ್ಹತೆಯೆಂದು ಸಾರಿದ ಸರಕಾರಕ್ಕೆ ಆ ಅಕ್ಷರವನ್ನು ಕಲಿಸಿಕೊಡುವ ಹೊಣೆಯೂ ಅಷ್ಟೇ ಬಿಗಿಯಾಗಿರಬೇಕು. ಫಲಕ ಬರೆಸದ ಅಂಗಡಿಯವನಿಗೆ ದಂಡವಿದೆ, ತಪ್ಪು ಮುಂದುವರಿದರೆ ಪರವಾನಗಿ ರದ್ದಾಗುವ ಭಯವಿದೆ. ಕನ್ನಡ ಕಲಿಸಬಲ್ಲ ಶಿಕ್ಷಕರನ್ನು ಶಾಲೆಗೆ ಕೊಡದ ಇಲಾಖೆಗೆ ಯಾವ ದಂಡವಿದೆ?

ಉರ್ದು ಶಾಲೆಯ ಮಗು

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡಬೇಕೆಂಬ ಸಂವಿಧಾನದ 350ಎ ವಿಧಿ ಸೇರಿದ್ದು 1956ರಲ್ಲಿ; ಕನ್ನಡನಾಡು ಒಂದಾದ ವರ್ಷವೂ ಅದೇ. ಕನ್ನಡದ ರಾಜ್ಯವೂ ಉರ್ದು ಶಾಲೆಯೂ ಒಂದೇ ಒಪ್ಪಂದದ ಎರಡು ಪುಟಗಳೆಂದು ಇದರಿಂದ ತಿಳಿಯಬೇಕು. ರಾಜ್ಯದಲ್ಲಿ ಉರ್ದು ಮತ್ತು ಇತರ ಅಲ್ಪಸಂಖ್ಯಾತ ಭಾಷಾ ಶಾಲೆಗಳಿಗೆಂದೇ ನಿರ್ದೇಶನಾಲಯವೊಂದಿದೆ. ಸರಕಾರ ಏನೂ ಮಾಡಿಲ್ಲ ಎನ್ನುವುದು ಅನ್ಯಾಯವಾದೀತು.

ಆದರೆ ಉರ್ದು ಶಾಲೆಯ ಮಗು ಎರಡು ಕಡೆಯಿಂದ ಸೋಲುತ್ತದೆ. ಅದು ಮನೆಯಲ್ಲಿ ಆಡುವ ದಖನಿಗೂ ಪಠ್ಯದ ಶಿಷ್ಟ ಉರ್ದುವಿಗೂ ಬಹಳ ದೂರ. ತನ್ನದೇ ಭಾಷೆಯ ಪುಸ್ತಕದಲ್ಲಿ ತನ್ನ ಮಾತು ಅದಕ್ಕೆ ಸಿಗುವುದಿಲ್ಲ. ಇನ್ನೊಂದೆಡೆ, ಕನ್ನಡ ಅದಕ್ಕೆ ಎರಡನೆಯ ಭಾಷೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕಲಿಸುವ ಕ್ರಮದಲ್ಲೇ ಇದಕ್ಕೂ ಕಲಿಸಿದರೆ ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ. ಏಳನೆಯದನ್ನು ಉರ್ದುವಿನಲ್ಲಿ ಮುಗಿಸಿದ ಮಗು ಎಂಟನೆಯದಕ್ಕೆ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಬಂದಾಗ ವಿಜ್ಞಾನ, ಸಮಾಜ, ಗಣಿತ ಎಲ್ಲವೂ ಒಮ್ಮೆಲೇ ಪರಭಾಷೆಯಾಗುತ್ತವೆ. ಆ ಹೊಸ್ತಿಲಲ್ಲಿ ಎಡವಿದ ಹುಡುಗ ರೀಲಿಂಗ್ ಘಟಕದ ಬಿಸಿನೀರಿನ ಬೇಸಿನ್ ಮುಂದೆ ನಿಲ್ಲುತ್ತಾನೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. 'ಇವರಿಗೆ ಕನ್ನಡದ ಮೇಲೆ ಅಭಿಮಾನವಿಲ್ಲ' ಎಂದು ಊರು ಹೇಳುತ್ತದೆ. ಅಭಿಮಾನದ ಪ್ರಶ್ನೆ ಎಲ್ಲಿ ಬಂತು? ಸೇತುವೆ ಕಟ್ಟದೆ ಹೊಳೆ ದಾಟಲಿಲ್ಲವೆಂದು ದೂರಿದಂತೆ ಇದು.

ಅಪನಂಬಿಕೆಗೆ ಇತಿಹಾಸವೂ ಇದೆ. 1981ರ ಗೋಕಾಕ್ ವರದಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದಾಗ ಉರ್ದು ಭಾಷಿಕರಲ್ಲಿ ಆತಂಕ ಹುಟ್ಟಿತು. ಚಳವಳಿಗಾರರಿಗೆ ಆ ಆತಂಕ ದ್ರೋಹದಂತೆ ಕಂಡಿತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭಿಸಿದ ನೆಪದಲ್ಲಿ ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಆ ರಕ್ತದಿಂದ ಕನ್ನಡಕ್ಕೆ ಒಬ್ಬ ಓದುಗನೂ ಹೆಚ್ಚಾಗಲಿಲ್ಲ.

ಬೆಕ್ಕುಗಳ ಜಗಳ

ಈಗ ನಮ್ಮ ಸಮುದಾಯದ ಕಡೆಗೂ ತಿರುಗಬೇಕು. ಉರ್ದುವನ್ನು ಧರ್ಮದ ಭಾಷೆಯೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಕುರ್‌ಆನ್ ಅವತೀರ್ಣವಾದದ್ದು ಅರಬಿಯಲ್ಲಿ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಉರ್ದು ಮನೆಮಾತಲ್ಲದೆಯೂ ಮುಸ್ಲಿಮರಾಗಿಯೇ ಇದ್ದಾರೆ. ಉರ್ದು ಉಳಿಯಬೇಕು, ಅದು ನಮ್ಮ ಮನೆಯ ಮಾತು, ದೊಡ್ಡ ಸಾಹಿತ್ಯದ ಭಾಷೆ ಎಂಬ ಕಾರಣಕ್ಕೆ. ಕನ್ನಡವನ್ನು ದೂರ ಇಡುವ ಬೇಲಿಯಾಗಿ ಅಲ್ಲ. ಉರ್ದುವಿನ ಪರ ವೇದಿಕೆಯಲ್ಲಿ ಗಟ್ಟಿಯಾಗಿ ಮಾತಾಡುವ ಮುಖಂಡರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ನೋಡಿದರೆ ಸಾಕು, ಅವರು ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಕನ್ನಡದ ಮುಖಂಡರ ಮಕ್ಕಳೂ ಅದೇ ಬೆಂಚಿನಲ್ಲಿ ಕುಳಿತಿದ್ದಾರೆ.

ಮಾಧ್ಯಮದ ಆಯ್ಕೆ ಪೋಷಕರ ಹಕ್ಕು, ಸರಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆಮೇಲೆ ಸರಕಾರವೇ ಆ ದಾರಿ ಹಿಡಿಯಿತು. ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ನಿರ್ಧಾರ 2019ರಲ್ಲಿ ಜಾರಿಗೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಚನ್ನಪಟ್ಟಣದಿಂದಲೇ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ. ಬಡವರ ಮಕ್ಕಳಿಗೂ ಇಂಗ್ಲಿಷ್ ಸಿಗಲಿ ಎಂಬ ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಲ್ಪಸಂಖ್ಯಾತರ ಇಲಾಖೆಯ ಮೌಲಾನಾ ಆಜಾದ್ ಮಾದರಿ ಶಾಲೆಗಳೂ ಇಂಗ್ಲಿಷ್ ಮಾಧ್ಯಮದವೇ. ಅಂದರೆ ಕನ್ನಡ ಮತ್ತು ಉರ್ದು ಪರಸ್ಪರ ಜಗಳವಾಡುತ್ತಿರುವಾಗ ಎರಡೂ ಮಾಧ್ಯಮದ ತರಗತಿಗಳಿಂದ ಮಕ್ಕಳು ಎದ್ದು ಹೋಗುತ್ತಿದ್ದಾರೆ. ಬೆಕ್ಕುಗಳೆರಡು ಬೆಣ್ಣೆಗಾಗಿ ಕಿತ್ತಾಡಿ ಕೋತಿಯ ಕೈಗೆ ತಕ್ಕಡಿ ಕೊಟ್ಟ ಕಥೆ ನಮಗೆಲ್ಲ ಗೊತ್ತಿದ್ದದ್ದೇ.

ಗಡಿಯಾಚೆ ಒಮ್ಮೆ ನೋಡಿದರೆ ನ್ಯಾಯ ಸ್ಪಷ್ಟವಾಗುತ್ತದೆ. 2017ರಲ್ಲಿ ಕೇರಳ ಮಲಯಾಳವನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾವೆಲ್ಲ ಅವರ ಪರ ನಿಂತೆವು, ಅದು ಸರಿಯಾಗಿತ್ತು. ಕಾಸರಗೋಡಿನ ಕನ್ನಡ ಮಗುವಿಗೆ ನಾವು ಕೇಳುವುದನ್ನೇ ಚನ್ನಪಟ್ಟಣದ ಉರ್ದು ಮಗುವಿಗೂ ಕೊಡಬೇಕಲ್ಲವೇ? ತನ್ನ ಮಾತು ಉಳಿಯಲಿ, ನಾಡಿನ ಮಾತು ಚೆನ್ನಾಗಿ ಬರಲಿ ಎಂಬುದು ಎರಡೂ ಕಡೆ ಒಂದೇ ಬೇಡಿಕೆ.

ಇದು ಅಸಾಧ್ಯವೇನಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಮನೆಮಾತು ಕನ್ನಡವಲ್ಲ. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿ ಅವರು ಕನ್ನಡ ಕಲಿತರು. ಇಂಥವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಆ ಅವಕಾಶ ಈ ನಾಲ್ಕು ತಾಲೂಕುಗಳ ಎಷ್ಟು ಮಕ್ಕಳಿಗೆ ತೆರೆದಿದೆ ಎಂದು ಕೇಳಿಕೊಳ್ಳುವುದು ಕಷ್ಟ.

ಆದ್ದರಿಂದ ನಮ್ಮ ಒತ್ತಾಯ ಸರಳವಾಗಿದೆ. ಉರ್ದು ಶಾಲೆಗಳಿಗೆ, ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವ ತರಬೇತಿ ಪಡೆದ ಶಿಕ್ಷಕರನ್ನು ಕೊಡಿ. ಏಳರಿಂದ ಎಂಟಕ್ಕೆ ದಾಟುವ ಬೇಸಿಗೆಯಲ್ಲಿ ಸೇತುಬಂಧ ತರಗತಿ ನಡೆಸಿ. ಶಾಲೆ ಬಿಟ್ಟ ಬೊಂಬೆ ಮತ್ತು ರೇಷ್ಮೆ ಕೆಲಸದ ಹೆಣ್ಣುಮಕ್ಕಳಿಗೆ ಸಂಜೆಯ ಕನ್ನಡ ತರಗತಿ ತೆರೆಯಿರಿ. ಮದರಸಾಗಳಲ್ಲಿ ಕನ್ನಡ ಕಲಿಸುವ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಯೋಜನೆಗೆ ನಮ್ಮ ಮದರಸಾಗಳು ಬಾಗಿಲು ತೆರೆಯಲಿ. ಫಲಕಗಳನ್ನು ಪರಿಶೀಲಿಸಲು ಹೊರಡುವ ಅಧಿಕಾರಿ ವರ್ಷಕ್ಕೊಮ್ಮೆ ಶಾಲೆಗೂ ಹೋಗಿ, ಏಳನೇ ತರಗತಿಯ ಮಗುವಿನ ಕೈಗೆ ಒಂದು ಅರ್ಜಿ ಕೊಟ್ಟು ಕನ್ನಡದಲ್ಲಿ ತುಂಬಿಸಲು ಹೇಳಲಿ. ಎಷ್ಟು ಮಕ್ಕಳು ತುಂಬಿದರು ಎಂಬ ಲೆಕ್ಕವನ್ನು ಪ್ರತಿ ನವೆಂಬರ್ 1ರಂದು ತಾಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಅದನ್ನು ಓದುವ ಧೈರ್ಯ ಸರಕಾರಕ್ಕೂ ಇರಬೇಕು, ನಮಗೂ ಇರಬೇಕು.